ಹಾಸನ–ಚಿಕ್ಕಮಗಳೂರಲ್ಲಿ ಸಾರ್ವಜನಿಕ ಆರೋಗ್ಯ ಪ್ರಾಜೆಕ್ಟ್ ಹುದ್ದೆ: ಅರ್ಜಿ ಹಾಕೋರಿಗೆ ಒಳಗಿನ ಲೆಕ್ಕ

ಮೆಡಿಕಲ್ ಕಾಲೇಜಿನ ಕಮ್ಯುನಿಟಿ ಮೆಡಿಸಿನ್ ವಿಭಾಗದಿಂದಲೋ, ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ವಿಭಾಗದಿಂದಲೋ ಹುದ್ದೆ ಕರೆದಾಗ ಬಹಳ ಜನ ಓದೋದು ಎರಡೇ ಸಾಲು: ವಿದ್ಯಾರ್ಹತೆ, ಸಂಬಳ. ಮೊದಲು ಓದಬೇಕಾದ್ದು ಪ್ರಕಟಣೆಯ ಕೊನೆಯಲ್ಲಿರೋ ಸಣ್ಣ ಅಕ್ಷರ. ಕೆಲಸದ ಸ್ಥಳ ಯಾವುದು, ಅವಧಿ ಎಷ್ಟು, ಹಣ ಕೊಡೋ ಸಂಸ್ಥೆ ಯಾವುದು, 'ಫೀಲ್ಡ್‌ಗೆ ಹೋಗಲು ಸಿದ್ಧರಿರಬೇಕು' ಅನ್ನೋ ಮಾತು ಇದೆಯೋ ಇಲ್ಲವೋ, ಎಲ್ಲ ಅಲ್ಲೇ ಇರುತ್ತೆ. ಆ ಫೀಲ್ಡಿನ ಸಾಲು ಇದ್ದರೆ ವಾರದಲ್ಲಿ ನಾಲ್ಕು ದಿನ ನೀವು ಬೇಲೂರಿನ ಹಳ್ಳಿಯಲ್ಲೋ ಮೂಡಿಗೆರೆಯ ಎಸ್ಟೇಟಿನಲ್ಲೋ ಇರ್ತೀರಿ ಅಂತಲೇ ತಿಳಿಯಿರಿ. ಎಸಿ ರೂಮಲ್ಲಿ ಕೂತು ಗ್ರಾಫ್ ಬಿಡಿಸೋ ಕೆಲಸ ಅಂದ್ಕೊಂಡು ಸೇರಿದವರು ಎರಡೇ ತಿಂಗಳಿಗೆ ರಾಜೀನಾಮೆ ಕೊಡ್ತಾರೆ. ಆಮೇಲೆ ಮತ್ತೆ ಪ್ರಕಟಣೆ, ಮತ್ತೆ ಸಂದರ್ಶನ. ಅಷ್ಟು ಹೊತ್ತಿಗೆ ಕಾಫಿ ಕುಯ್ಲೇ ಮುಗಿದಿರುತ್ತೆ.

ಹುದ್ದೆಯ ಹೆಸರುಗಳ ಗೊಂದಲ ಒಂದಿದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹಣದ ಪ್ರಾಜೆಕ್ಟುಗಳಲ್ಲಿ ಹಳೆಯ 'ರೀಸರ್ಚ್ ಅಸಿಸ್ಟೆಂಟ್', 'ಫೀಲ್ಡ್ ವರ್ಕರ್' ಹೆಸರುಗಳು ಹೋಗಿ ಪ್ರಾಜೆಕ್ಟ್ ಟೆಕ್ನಿಕಲ್ ಸಪೋರ್ಟ್ 1, 2, 3 ಮತ್ತು ಪ್ರಾಜೆಕ್ಟ್ ರೀಸರ್ಚ್ ಸೈಂಟಿಸ್ಟ್ 1, 2, 3 ಬಂದಿವೆ. ಟೆಕ್ನಿಕಲ್ ಸಪೋರ್ಟ್-3ಕ್ಕೆ ತಿಂಗಳಿಗೆ 28,000, ವೈದ್ಯರಲ್ಲದ ರೀಸರ್ಚ್ ಸೈಂಟಿಸ್ಟ್-1ಕ್ಕೆ 56,000, ಇದರ ಮೇಲೆ ಮನೆ ಬಾಡಿಗೆ ಭತ್ಯೆ. ಮೊದಲನೆಯದಕ್ಕೆ ಡಿಗ್ರಿ ಜೊತೆ ಮೂರು ವರ್ಷದ ಅನುಭವ ಅಥವಾ ಸ್ನಾತಕೋತ್ತರ ಪದವಿ ಬೇಕು. ಎರಡನೆಯದಕ್ಕೆ ಪ್ರಥಮ ದರ್ಜೆಯ ಸ್ನಾತಕೋತ್ತರ ಪದವಿ. ಬಾಡಿಗೆ ಭತ್ಯೆಯಲ್ಲೇ ಜನ ಎಡವೋದು. ಬಾಡಿಗೆ ಭತ್ಯೆಗೆ ಕೇಂದ್ರ ಸರ್ಕಾರ ಊರುಗಳನ್ನ ಎಕ್ಸ್, ವೈ, ಝೆಡ್ ಅಂತ ವಿಂಗಡಿಸಿದೆ; ಬೆಂಗಳೂರು ಎಕ್ಸ್ ವರ್ಗದ ನಗರ, ಹಾಸನ ಮತ್ತು ಚಿಕ್ಕಮಗಳೂರು ಝೆಡ್. 7ನೇ ವೇತನ ಆಯೋಗದ ಲೆಕ್ಕದಲ್ಲಿ ಎಕ್ಸ್‌ಗೆ ಶೇ. 30 ಇದ್ದರೆ ಝೆಡ್‌ಗೆ ಶೇ. 10. ಅದೇ 28,000ದ ಹುದ್ದೆಗೆ ಬೆಂಗಳೂರಲ್ಲಿ 8,400 ಸೇರಿದರೆ ಇಲ್ಲಿ 2,800. ಬೆಂಗಳೂರಿನ ಪ್ರಕಟಣೆ ನೋಡಿ ಲೆಕ್ಕ ಹಾಕಿದವರಿಗೆ ಮೊದಲ ತಿಂಗಳೇ ಬೇಜಾರು. ಕೆಲವು ಪ್ರಾಜೆಕ್ಟಲ್ಲಿ ಭತ್ಯೆಯೇ ಇಲ್ಲ, 'ಸಂಚಿತ ವೇತನ' ಅಂತ ಒಂದೇ ಮೊತ್ತ ಇರುತ್ತೆ. ಫೀಲ್ಡ್ ಟಿಎ (ಓಡಾಟದ ಭತ್ಯೆ) ಬೇರೆ ಕೊಡ್ತಾರೋ, ಅದರಲ್ಲೇ ಸೇರಿದೆಯೋ ಅಂತ ಸಂದರ್ಶನದಲ್ಲೇ ಕೇಳಿ. ಕೇಳೋದು ತಪ್ಪಲ್ಲ. ಬೈಕಿನ ಪೆಟ್ರೋಲ್ ಕೈಯಿಂದ ಹಾಕ್ಕೊಂಡು ಓಡಾಡಿದರೆ ತಿಂಗಳ ಕೊನೆಗೆ ಏನು ಉಳಿಯುತ್ತೆ ಅಂತ ಎಲ್ಲರಿಗೂ ಗೊತ್ತು.

ಸಂಬಳ ತಡವಾಗೋದಕ್ಕೂ ಒಂದು ಕಾರಣ ಇದೆ. ಹಣ ಸಾಮಾನ್ಯವಾಗಿ ವರ್ಷಕ್ಕೊಂದು ಕಂತಿನಲ್ಲಿ ಬರುತ್ತೆ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಮತ್ತು ವಾರ್ಷಿಕ ವರದಿ ಹೋಗದೆ ಮುಂದಿನ ಕಂತು ಬಿಡುಗಡೆ ಆಗೋದಿಲ್ಲ. ಹೊಸ ಪ್ರಾಜೆಕ್ಟ್ ವರ್ಷದ ಮೊದಲ ಎರಡು ಮೂರು ತಿಂಗಳು ಸಂಬಳ ನಿಲ್ಲೋದು ಹೀಗೆ. ಊರಲ್ಲೇ ಮನೆ ಇದ್ದವರು ತಡ್ಕೋತಾರೆ. ಹೊರಗಿಂದ ಬಂದು ಬಾಡಿಗೆ ಕಟ್ಟೋರು ಮೂರು ತಿಂಗಳ ಖರ್ಚು ಕೈಯಲ್ಲಿಟ್ಕೊಂಡೇ ಸೇರಬೇಕು.

ಈಗ ಬಯೋಡಾಟಾ. ಎಂಪಿಎಚ್, ಎಂಎಸ್‌ಡಬ್ಲ್ಯೂ, ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್, ಬಿಎಸ್ಸಿ ನರ್ಸಿಂಗ್, ಎಲ್ಲರ ಬಯೋಡಾಟಾನೂ ಒಂದೇ ಥರ ಇರುತ್ತೆ: 'ಶ್ರಮಜೀವಿ', 'ತಂಡದಲ್ಲಿ ಕೆಲಸ ಮಾಡಬಲ್ಲೆ'. ಅರ್ಜಿ ಶೋಧಿಸೋರು ಹುಡುಕೋದು ಅಂಕಿ. ಎಷ್ಟು ಮನೆ ಸರ್ವೆ ಮಾಡಿದ್ದೀರಿ, ಯಾವ ತಾಲ್ಲೂಕಲ್ಲಿ, ಪೇಪರಲ್ಲೋ ಟ್ಯಾಬಲ್ಲೋ, ಡೇಟಾ ತುಂಬೋ ಸಾಫ್ಟ್‌ವೇರ್ ಯಾವುದು, ಕೋಬೋಟೂಲ್‌ಬಾಕ್ಸೋ ರೆಡ್‌ಕ್ಯಾಪೋ, ಫಾರ್ಮ್ ನೀವೇ ಕಟ್ಟಿದ್ದಾ ಅಥವಾ ಬರೀ ತುಂಬಿದ್ದಾ? 'ಎಸ್‌ಪಿಎಸ್‌ಎಸ್ (ಅಂಕಿಅಂಶದ ಸಾಫ್ಟ್‌ವೇರ್) ಗೊತ್ತು' ಅಂತ ಬರೆಯೋದಕ್ಕಿಂತ ಯಾವ ಡೇಟಾದ ಮೇಲೆ ಯಾವ ಪರೀಕ್ಷೆ ನಡೆಸಿದ್ದು ಅಂತ ಒಂದು ಸಾಲು ಬರೆಯಿರಿ. ಎನ್‌ಪಿಟಿಇಎಲ್‌ನಲ್ಲಿ ಐಸಿಎಂಆರ್‌ನ ಚೆನ್ನೈ ಸಂಸ್ಥೆ ನಡೆಸೋ ಬೇಸಿಕ್ ಕೋರ್ಸ್ ಇನ್ ಬಯೋಮೆಡಿಕಲ್ ರೀಸರ್ಚ್ ಮಾಡಿದ್ದರೆ ಹಾಕಿ. ಔಷಧ ಪ್ರಯೋಗದ ಪ್ರಾಜೆಕ್ಟ್ ಆದರೆ ಜಿಸಿಪಿ (ಗುಡ್ ಕ್ಲಿನಿಕಲ್ ಪ್ರಾಕ್ಟೀಸ್) ಸರ್ಟಿಫಿಕೇಟ್ ಕೂಡ. ಇನ್ನೊಂದು, ನಮ್ಮ ಕಡೆಯವರು ಯಾರೂ ಬರೆಯೋದಿಲ್ಲ: ತುಳು, ತಮಿಳು, ಹಿಂದಿ ಮಾತಾಡೋಕೆ ಬರುತ್ತೆ, ದ್ವಿಚಕ್ರ ಲೈಸೆನ್ಸ್ ಇದೆ, ಆಶಾ ಕಾರ್ಯಕರ್ತೆಯರ ಜೊತೆ ಕೆಲಸ ಮಾಡಿ ಗೊತ್ತು. ಲೈನ್ ಮನೆಗಳ (ಎಸ್ಟೇಟಿನ ಕೂಲಿಯವರ ಸಾಲು ಮನೆ) ಸರ್ವೆಗೆ ಈ ಮೂರರ ತೂಕ ಎಷ್ಟು ಅಂತ ಫೀಲ್ಡ್ ನಡೆಸಿದವರಿಗೆ ಗೊತ್ತು.

ಸಂದರ್ಶನದಲ್ಲಿ ಒಂದು ಲೆಕ್ಕ ಬಂದೇ ಬರುತ್ತೆ. ರೋಗದ ಪ್ರಮಾಣ ಶೇ. 50 ಅಂತಿಟ್ಕೊಂಡು, ಶೇ. 95 ವಿಶ್ವಾಸ, ಶೇ. 5 ದೋಷಕ್ಕೆ ಎಷ್ಟು ಮಾದರಿ ಬೇಕು? ಶೇ. 95 ವಿಶ್ವಾಸಕ್ಕೆ ಸಲ್ಲೋ 1.96ರ ವರ್ಗವನ್ನು 0.25ರಿಂದ (0.5 × 0.5) ಗುಣಿಸಿ 0.0025ರಿಂದ (0.05 × 0.05) ಭಾಗಿಸಿದರೆ 384.16, ಅಂದರೆ 385. ಇಷ್ಟಕ್ಕೆ ನಿಲ್ಲಿಸೋರೇ ಹೆಚ್ಚು. ಹಳ್ಳಿಗಳನ್ನ ಗುಂಪಾಗಿ ಆರಿಸೋದಾದರೆ ಒಂದೇ ಹಳ್ಳಿಯವರು ಒಂದೇ ಥರ ಇರೋದ್ರಿಂದ ಮಾದರಿ ಹೆಚ್ಚಿಸೋ ಗುಣಕ, ಅಂದರೆ ಡಿಸೈನ್ ಎಫೆಕ್ಟ್, 2 ಹಿಡಿದು 770. ಶೇ. 10 ಜನ ಸಿಗೋದಿಲ್ಲ ಅಂದ್ರೆ 770ಕ್ಕೆ 77 ಕೂಡಿಸಿ 847 ಅಂತಾರೆ, ಅದು ತಪ್ಪು. 847 ಜನರಲ್ಲಿ ಹತ್ತನೇ ಒಂದು ಭಾಗ ಕಳೆದರೆ 762 ಉಳಿಯುತ್ತೆ. 770ನ್ನು 0.9ರಿಂದ ಭಾಗಿಸಬೇಕು, 856. ಇದಾದ ಮೇಲೆ ಇನ್ನೊಂದು ಹೆಜ್ಜೆ ಮುಂದೆ ಹೋದವರನ್ನ ಸಮಿತಿ ಮರೆಯೋದಿಲ್ಲ. ಮಲೆನಾಡಲ್ಲಿ ಮನೆಗಳು ಚದುರಿರೋದ್ರಿಂದ ಒಬ್ಬರಿಗೆ ದಿನಕ್ಕೆ ಆರು ಮನೆ, ಒಂದು ಮನೆಗೆ ಒಬ್ಬರು ಅಂದರೆ 143 ದಿನದ ಕೆಲಸ. ತಿಂಗಳಿಗೆ 22 ದಿನ ಅಂತ ಹಿಡಿದರೆ ಒಬ್ಬರಿಗೆ ಆರೂವರೆ ತಿಂಗಳು, ಇಬ್ಬರಿಗೆ ಮೂರೂಕಾಲು. ಅದರಲ್ಲಿ ಜುಲೈ ಮಳೆ ಸೇರಿದರೆ ಲೆಕ್ಕ ಇನ್ನೂ ಉದ್ದ.

ಎರಡನೇ ಲೆಕ್ಕ ಸ್ಕ್ರೀನಿಂಗ್ ಟೆಸ್ಟಿನದ್ದು. 10,000 ಜನರಲ್ಲಿ ಶೇ. 1 ಮಂದಿಗೆ ಕಾಯಿಲೆ. ಟೆಸ್ಟು ಕಾಯಿಲೆ ಇದ್ದವರಲ್ಲಿ ಶೇ. 95, ಇಲ್ಲದವರಲ್ಲೂ ಶೇ. 95 ಸರಿ ಹೇಳುತ್ತೆ. ಪಾಸಿಟಿವ್ ಬಂದವರಲ್ಲಿ ನಿಜವಾಗಿ ಕಾಯಿಲೆ ಇರೋರು ಎಷ್ಟು? ಇರೋ 100 ಜನರಲ್ಲಿ 95 ಸಿಕ್ತಾರೆ, ಇಲ್ಲದ 9,900ರಲ್ಲಿ 495 ಸುಮ್ಮನೆ ಪಾಸಿಟಿವ್. 590ರಲ್ಲಿ 95, ಸುಮಾರು ಶೇ. 16. ಸೂತ್ರ ಬಾಯಿಪಾಠ ಬೇಡ, ಪೇಪರ್ ಮೇಲೆ ನಾಲ್ಕು ಮನೆಯ ಪೆಟ್ಟಿಗೆ ಎಳೆದು ತುಂಬಿ. ಪೆಟ್ಟಿಗೆ ಎಳೆಯೋ ರೀತಿಯಲ್ಲೇ ಅರ್ಧ ಅಂಕ ಬಿದ್ದಿರುತ್ತೆ.

ಆಮೇಲೆ ಪ್ರಶ್ನಾವಳಿಯ ಅನುವಾದ. 'ನಿಮಗೆ ಅಧಿಕ ರಕ್ತದೊತ್ತಡ ಇದೆಯೇ' ಅಂತ ಹಾಳೆಯಲ್ಲಿ ಅಚ್ಚಾಗಿರುತ್ತೆ. ಅರಕಲಗೂಡಿನ ಅಜ್ಜಿ 'ಏನಪ್ಪ ಅದು' ಅಂತಾರೆ. 'ಬಿಪಿ ಇದ್ಯಾ ಅಜ್ಜಿ, ಮಾತ್ರೆ ತಗೋತೀರಾ' ಅಂದರೆ ತಟ್ಟನೆ ಉತ್ತರ. ಆದರೆ ಒಬ್ಬೊಬ್ಬ ಇನ್ವೆಸ್ಟಿಗೇಟರ್ ಒಂದೊಂದು ಥರ ಕೇಳಿದರೆ ಉತ್ತರಗಳನ್ನ ಹೋಲಿಸೋಕೆ ಆಗೋದಿಲ್ಲ. ಮಾತಾಡೋ ಭಾಷೆಯ ರೂಪವನ್ನ ಮೊದಲೇ ಗೊತ್ತುಮಾಡಿ, ಹಾಳೆಯಲ್ಲೇ ಅಚ್ಚು ಹಾಕಿಸಿ, ಬೇರೊಬ್ಬರಿಂದ ಇಂಗ್ಲಿಷಿಗೆ ತಿರುಗಿ ಅನುವಾದ ಮಾಡಿಸಿ ತಾಳೆ ನೋಡಬೇಕು. ಮಂಗನ ಕಾಯಿಲೆಯ ಸರ್ವೆ ಆದರೆ ಕೊಪ್ಪ, ಎನ್.ಆರ್. ಪುರದ ಕಡೆ 'ಉಣುಗು ಕಚ್ಚಿತ್ತಾ' ಅಂತ ಕೇಳಿ (ಆ ಕಾಯಿಲೆ ಹರಡೋ, ರಕ್ತ ಹೀರೋ ಹುಳ); 'ಉಣ್ಣೆ' ಅಂದರೆ ಕುರಿಯ ಉಣ್ಣೆಯೂ ಆಗುತ್ತೆ. 'ಕುಟುಂಬ' ಅನ್ನೋ ಪದವೂ ಅಷ್ಟೇ, ಅಣ್ಣತಮ್ಮ ಒಂದೇ ಸೂರಿನಡಿ ಬೇರೆ ಬೇರೆ ಒಲೆ ಹೂಡಿರ್ತಾರೆ. ಒಂದೇ ಒಲೆಯ ಅಡುಗೆ ಉಣ್ಣೋರು ಒಂದು ಕುಟುಂಬ ಅಂತ ಮೊದಲೇ ಬರೆದಿಟ್ಕೊಳ್ಳಿ.

ವಯಸ್ಸು ಕೇಳೋದು ಸುಲಭ ಅನ್ಸುತ್ತೆ. ಹಾಳೆ ತಿರುಗಿಸಿ ನೋಡಿ: 40, 45, 50, 60. ಎಲ್ಲರೂ ಸೊನ್ನೆ ಐದರಲ್ಲೇ ಹುಟ್ಟಿರೋ ಹಾಗೆ. ಆಧಾರ್ ಕಾರ್ಡಿನ ಜನವರಿ 1ನ್ನೂ ನಂಬೋಕೆ ಆಗೋದಿಲ್ಲ, ಹುಟ್ಟಿದ ತಾರೀಕು ಗೊತ್ತಿಲ್ಲದವರಿಗೆ ಅದೇ ಹಾಕಿರ್ತಾರೆ. ಊರಿನ ಘಟನೆಗಳ ಒಂದು ಪಟ್ಟಿ ಜೇಬಲ್ಲಿರಲಿ. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನ ಉಪಚುನಾವಣೆಗೆ ನಿಂತಾಗ ನಿಮಗೆ ಮದುವೆ ಆಗಿತ್ತಾ? ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದಾಗ ದೊಡ್ಡ ಮಗನಿಗೆ ಎಷ್ಟು? ಹಿರಿಯರ ಕಣ್ಣು ಅರಳುತ್ತೆ, ವಯಸ್ಸೂ ಒಂದೆರಡು ವರ್ಷದ ಒಳಗೆ ಸಿಗುತ್ತೆ. ಹರಟೆ ಹತ್ತು ನಿಮಿಷ ಉದ್ದ ಆಗುತ್ತೆ, ಅದಕ್ಕೂ ಸಮಯ ಇಟ್ಕೊಳ್ಳಿ.

ಬಿಪಿ ಅಂಕಿಯಲ್ಲೂ ಇದೇ ರೋಗ. ಡಿಜಿಟಲ್ ಯಂತ್ರದ ನೂರು ಓದಿನಲ್ಲಿ ಕೊನೆಯ ಅಂಕಿ ಸೊನ್ನೆ ಇರಬೇಕಾದ್ದು ಹತ್ತರ ಹತ್ತಿರ. ನಲವತ್ತು ಇದ್ದರೆ ಯಾರೋ ಅಂದಾಜಿಗೆ ಬರೀತಿದ್ದಾರೆ. ಐದು ನಿಮಿಷ ಕೂರಿಸಿ, ಬೆನ್ನಿಗೆ ಆಸರೆ, ಕಾಲು ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ. ಮೂರು ಸಲ ಅಳೆದು ಕೊನೆಯ ಎರಡರ ಸರಾಸರಿ. ತೋಟದ ಏರು ಹತ್ತಿ ಬಂದವರನ್ನ ತಕ್ಷಣ ಅಳೆದರೆ ಅರ್ಧ ಊರಿಗೆ ಬಿಪಿ ಬರುತ್ತೆ. ತೋಳಿಗೆ ಸುತ್ತೋ ಕಫ್ ಚಿಕ್ಕದಾದರೂ ಅಂಕಿ ಏರುತ್ತೆ, ಎರಡು ಅಳತೆಯ ಕಫ್ ಚೀಲದಲ್ಲಿರಬೇಕು.

ಎಸ್ಟೇಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅರೇಬಿಕಾ ಕುಯ್ಲು ನವೆಂಬರಿನಿಂದ ಸುರು, ರೋಬಸ್ಟಾ ಜನವರಿಯ ನಂತರ. ಆ ತಿಂಗಳುಗಳಲ್ಲಿ ಹೊರ ರಾಜ್ಯದ ಕೂಲಿಗಳಿಂದ ಲೈನ್ ತುಂಬಿರುತ್ತೆ, ಜೂನಲ್ಲಿ ಖಾಲಿ. ಡಿಸೆಂಬರಿನ ಸರ್ವೆಯ ಜನಸಂಖ್ಯೆಯನ್ನ ಜುಲೈ ರೋಗಿಗಳ ಸಂಖ್ಯೆಗೆ ಛೇದ ಮಾಡಿದರೆ ಪ್ರಮಾಣ ಸುಳ್ಳಾಗುತ್ತೆ. ಜನ ಬೆಳಿಗ್ಗೆ ಎಂಟಕ್ಕೆ ತೋಟಕ್ಕೆ ಹೋದರೆ ಸಂಜೆಯೇ ವಾಪಸ್. ಹನ್ನೊಂದು ಗಂಟೆಗೆ ಹೋದ ಇನ್ವೆಸ್ಟಿಗೇಟರಿಗೆ ಸಿಗೋದು ಬಾಣಂತಿಯರು, ಮುದುಕರು, ಹುಷಾರಿಲ್ಲದವರು. ಆ ಡೇಟಾದಲ್ಲಿ ಕಾಯಿಲೆ ಜಾಸ್ತಿ ಕಾಣೋದು ಸಹಜ. ಬೀಗ ಹಾಕಿದ ಮನೆಗೆ ಪಕ್ಕದ ಮನೆ ಬದಲಿ ಹಿಡಿಯೋದೂ ಅದೇ ತಪ್ಪು. ಬೇರೆ ಬೇರೆ ಹೊತ್ತಲ್ಲಿ ಮೂರು ಸಲ ಹೋಗಿ, ಆಮೇಲೆ 'ಸಿಗಲಿಲ್ಲ' ಅಂತ ಬರೆಯಿರಿ. ಒಳಗೆ ಹೋಗೋಕೆ ಮಾಲೀಕರ ಒಪ್ಪಿಗೆ ಬೇಕು, ಜೊತೆಗೆ ರೈಟರು (ಎಸ್ಟೇಟಿನ ಮೇಲ್ವಿಚಾರಕರು) ಬರ್ತಾರೆ. ಕುಡಿತ, ಕೂಲಿ, ಗಾಯದ ಪ್ರಶ್ನೆ ಬಂದಾಗ ರೈಟರು ಪಕ್ಕದಲ್ಲಿದ್ದರೆ ಉತ್ತರ 'ಏನೂ ಇಲ್ಲ ಸಾರ್'. ಅವರನ್ನ ಗೌರವವಾಗಿ ದೂರ ಕೂರಿಸೋ ಜಾಣತನಕ್ಕೆ ಯಾವ ಸರ್ಟಿಫಿಕೇಟೂ ಇಲ್ಲ. ಸಮಿತಿ ಆ ಸನ್ನಿವೇಶ ಕೊಟ್ಟು 'ಏನು ಮಾಡ್ತೀರಿ' ಅಂತ ಕೇಳಬಹುದು, ಯೋಚಿಸಿಟ್ಟಿರಿ.

ಒಪ್ಪಿಗೆ ಪತ್ರವೂ ಇಲ್ಲೇ ಎಡವುತ್ತೆ. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ ಪ್ರಕಾರ ಓದಲು ಬರದವರಿಗೆ ಪ್ರಾಜೆಕ್ಟಿಗೆ ಸಂಬಂಧವಿಲ್ಲದ ಸಾಕ್ಷಿ ಮುಂದೆ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಬೇಕು. ಮಾಲೀಕರ ಕಡೆಯವರನ್ನೇ ಸಾಕ್ಷಿ ಮಾಡಿದರೆ ಅದಕ್ಕೆ ಬೆಲೆ ಇಲ್ಲ. ಕನ್ನಡದ ಪತ್ರ ಮಾತ್ರ ಇದ್ದು ಲೈನಲ್ಲಿ ಅಸ್ಸಾಮಿನವರಿದ್ದರೆ ಅವರನ್ನ ಬಿಟ್ಟು ಮುಂದೆ ಹೋಗ್ತಾರೆ, ವರದಿಯಲ್ಲಿ ಆ ಜನವೇ ಇರೋದಿಲ್ಲ.

ರಕ್ತದ ಮಾದರಿ ಇರೋ ಪ್ರಾಜೆಕ್ಟಿಗೆ ಡಿಎಂಎಲ್‌ಟಿ (ಲ್ಯಾಬ್ ಟೆಕ್ನೀಷಿಯನ್ ಡಿಪ್ಲೊಮಾ) ಮಾಡಿದವರು ಬೇಕಾಗೋದು ಯಾಕೆ ಅಂತ ನೋಡಿ. ಸೀರಂಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ದ್ರವ) ತೆಗೆದ ಕೆಂಪು ಮುಚ್ಚಳದ ಟ್ಯೂಬು ನೆಟ್ಟಗೆ ನಿಂತು ಅರ್ಧ ಗಂಟೆ ಹೆಪ್ಪುಗಟ್ಟಬೇಕು. ತೆಗೆದ ಕೂಡಲೇ ಬ್ಯಾಗಿಗೆ ತುರುಕಿ ಸಕಲೇಶಪುರದಿಂದ ಹಾಸನಕ್ಕೆ 40 ಕಿ.ಮೀ. ಕುಲುಕಿಸಿಕೊಂಡು ಬಂದರೆ ಕೆಂಪು ಕಣ ಒಡೆದು ಸೀರಂ ಗುಲಾಬಿಯಾಗುತ್ತೆ. ಪೊಟ್ಯಾಸಿಯಂ ಸುಳ್ಳೇ ಏರಿರುತ್ತೆ. ಐಸ್ ಪ್ಯಾಕ್ ಟ್ಯೂಬಿಗೆ ನೇರ ತಾಗಿದರೂ ಅದೇ ಗತಿ, ನಡುವೆ ಬಟ್ಟೆಯೋ ಥರ್ಮಾಕೋಲೋ ಇರಬೇಕು. ಸಾಧ್ಯವಾದರೆ ಹತ್ತಿರದ ಪಿಎಚ್‌ಸಿಯ ಸೆಂಟ್ರಿಫ್ಯೂಜಲ್ಲೇ ತಿರುಗಿಸಿ ಸೀರಂ ಬೇರೆ ಮಾಡಿ, 2ರಿಂದ 8 ಡಿಗ್ರಿಯಲ್ಲಿ ತನ್ನಿ. ಹೋಗೋ ಹಿಂದಿನ ದಿನವೇ ಅಲ್ಲಿನ ಲ್ಯಾಬ್ ಟೆಕ್ನೀಷಿಯನ್ನಿಗೆ ಫೋನ್ ಮಾಡಿ, ಕರೆಂಟ್ ಇರುತ್ತಾ ಅಂತಲೂ ಕೇಳಿ.

ಡೇಟಾ ಎಂಟ್ರಿಯ ಕೆಲಸಕ್ಕೆ ಬರೋರಿಗೆ ಎರಡೇ ಮಾತು. ಐಡಿ 0123 ಅನ್ನೋದನ್ನ ಎಕ್ಸೆಲ್ 123 ಮಾಡುತ್ತೆ, 03/04 ಮಾರ್ಚೋ ಏಪ್ರಿಲ್ಲೋ ಅದಕ್ಕೇ ಗೊತ್ತಿರೋದಿಲ್ಲ. ಕಾಲಂಗಳನ್ನ ಮೊದಲೇ ಟೆಕ್ಸ್ಟ್ ಮಾಡಿ, ತಾರೀಕನ್ನ ವರ್ಷ-ತಿಂಗಳು-ದಿನ ಅಂತ ಬರೆಯಿರಿ.

ಸೇರಿದ ಮೇಲೆ ಪ್ರತಿ ವರ್ಷ ಅನುಭವ ಪತ್ರ ಕೇಳಿ ಪಡೆಯಿರಿ. ಸೇರಿದ ಮತ್ತು ಬಿಟ್ಟ ತಾರೀಕು, ಪ್ರಾಜೆಕ್ಟ್ ಹೆಸರು, ಹಣ ಕೊಟ್ಟ ಸಂಸ್ಥೆ, ಹುದ್ದೆ, ಪೂರ್ಣಾವಧಿ ಅನ್ನೋ ಪದ, ಐದೂ ಅದರಲ್ಲಿರಬೇಕು. ಪ್ರಾಜೆಕ್ಟ್ ಮುಗಿದು ಪಿಐ (ಪ್ರಾಜೆಕ್ಟಿನ ಮುಖ್ಯ ಸಂಶೋಧಕರು) ಬೇರೆ ಊರಿಗೆ ವರ್ಗ ಆದ ಮೇಲೆ ಸಹಿ ಹುಡುಕೋದು ಕಷ್ಟ. ಮುಂದಿನ ಹುದ್ದೆಯ ಶೋಧನೆಯಲ್ಲಿ 'ಮೂರು ವರ್ಷ ಅನುಭವ' ಎಣಿಸೋದು ಆ ತಾರೀಕುಗಳಿಂದಲೇ, ಎರಡು ವರ್ಷ ಹನ್ನೊಂದು ತಿಂಗಳು ಇದ್ದರೆ ಅರ್ಜಿ ಪಕ್ಕಕ್ಕೆ ಹೋಗುತ್ತೆ.