ವೆಬ್‌ಸೈಟಿನ ಬಯೋಡೇಟಾ ಬಿಡಿ, ಫಾರ್ಮು ನೋಡಿ

ನಮ್ಮಲ್ಲಿ ವಿಧಾನಸಭೆಗೆ ನಿಲ್ಲುವವರು ನಾಮಪತ್ರದ ಜೊತೆ ಫಾರ್ಮ್ 26 ಅಫಿಡವಿಟ್ ಕೊಡಲೇಬೇಕು. ಓದಿದ್ದೆಷ್ಟು, ಮೇಲೆ ಎಷ್ಟು ಕೇಸು, ಹೆಂಡತಿ ಹೆಸರಲ್ಲಿ ಎಷ್ಟು ಚಿನ್ನ, ಯಾವ ಸರ್ವೆ ನಂಬರಿನಲ್ಲಿ ಎಷ್ಟು ಎಕರೆ, ಎಲ್ಲವೂ ಒಂದೇ ಕಡೆ ಸಿಗುತ್ತದೆ. ಇದೇ ರೂಢಿಯಲ್ಲಿ ಅಮೆರಿಕದ ಅಭ್ಯರ್ಥಿಗಳ ಪೂರ್ವಾಪರ ಹುಡುಕಲು ಹೊರಟವರು ಮೊದಲು ಎಡವುವುದು ಇಲ್ಲೇ. ಅಲ್ಲಿ ಅಂಥ ಒಂದು ಕಾಗದವೇ ಇಲ್ಲ.

ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಕೆಳಮನೆ, ಅಂದರೆ ಪ್ರತಿನಿಧಿ ಸಭೆಗೆ (ಹೌಸ್) ನಿಲ್ಲಲು ಸಂವಿಧಾನ ಕೇಳುವುದು ಮೂರೇ: 25 ವರ್ಷ ವಯಸ್ಸು, 7 ವರ್ಷದ ಪೌರತ್ವ, ಆಯ್ಕೆಯಾಗುವ ಹೊತ್ತಿಗೆ ಆ ರಾಜ್ಯದ ನಿವಾಸಿಯಾಗಿರುವುದು. ಮೇಲ್ಮನೆಯಾದ ಸೆನೆಟ್‌ಗಾದರೆ 30 ಮತ್ತು 9. ಕ್ಷೇತ್ರದಲ್ಲೇ ಮನೆ ಇರಬೇಕೆಂದಿಲ್ಲ. ಡಿಗ್ರಿ, ಹಿಂದಿನ ನೌಕರಿ ಎಲ್ಲ ಅಭ್ಯರ್ಥಿ ಹೇಳಿದ್ದೇ ಸರಿ. ಪರಿಶೀಲಿಸುವ ಅಧಿಕಾರಿ ಯಾರೂ ಇಲ್ಲ. ಪ್ರಚಾರದ ವೆಬ್‌ಸೈಟಿನಲ್ಲಿ ಸುಳ್ಳು ಡಿಗ್ರಿ ಹಾಕಿಕೊಂಡರೆ ಸಾಮಾನ್ಯವಾಗಿ ಅದಕ್ಕೇ ಕೇಸು ಬೀಳುವುದಿಲ್ಲ. ಸರ್ಕಾರಕ್ಕೆ ಸಹಿ ಹಾಕಿ ಕೊಟ್ಟ ಫಾರ್ಮಿನಲ್ಲಿ ಸುಳ್ಳು ಬರೆದರೆ ಬೀಳುತ್ತದೆ. ಹುಡುಕಾಟ ಫಾರ್ಮಿನಿಂದ ಶುರುವಾಗಬೇಕು ಎನ್ನುವುದು ಇದಕ್ಕೇ.

ಮೊದಲ ಫಾರ್ಮು ಹಣಕಾಸು ವಿವರದ್ದು. 1978ರ ಎಥಿಕ್ಸ್ ಇನ್ ಗವರ್ನಮೆಂಟ್ ಕಾಯ್ದೆಯಡಿ, 5,000 ಡಾಲರಿಗಿಂತ ಹೆಚ್ಚು ದೇಣಿಗೆ ಎತ್ತಿದ ಅಥವಾ ಖರ್ಚು ಮಾಡಿದ ಹೌಸ್ ಅಭ್ಯರ್ಥಿ ಇದನ್ನು ಸಲ್ಲಿಸಬೇಕು. ಸಭೆಯ ದಾಖಲೆ ಇಡುವ ಅಧಿಕಾರಿಯಾದ ಹೌಸ್ ಕ್ಲರ್ಕ್ ಅವರ ವೆಬ್‌ಸೈಟಿನಲ್ಲಿ ಹೆಸರು, ರಾಜ್ಯ, ವರ್ಷ ಕೊಟ್ಟರೆ ಪಿಡಿಎಫ್ ಸಿಗುತ್ತದೆ. ಸೆನೆಟ್ಟಿನವರದ್ದಕ್ಕೆ ಬೇರೆ ತಾಣವಿದೆ. ಆಸ್ತಿಯ ನಿಖರ ಮೊತ್ತ ಇದರಲ್ಲಿ ಇರುವುದಿಲ್ಲ, ಶ್ರೇಣಿ ಮಾತ್ರ: 1,001ರಿಂದ 15,000, 15,001ರಿಂದ 50,000, ಹೀಗೆ ಮೇಲೇರುತ್ತಾ 10 ಲಕ್ಷದಿಂದ 50 ಲಕ್ಷ ಡಾಲರ್ ಒಂದೇ ಖಾನೆ. ಹಾಗಾಗಿ 'ಇವರ ಆಸ್ತಿ ಇಷ್ಟು ಕೋಟಿ' ಎನ್ನುವ ಸುದ್ದಿಗಳೆಲ್ಲ ಅಂದಾಜಿನ ಲೆಕ್ಕ. ಸಂಬಳ ಮಾತ್ರ ಅಂಕಿಯಲ್ಲೇ ಇರುತ್ತದೆ. ಹೊಸ ಅಭ್ಯರ್ಥಿಗಳಿಗೆ ಇನ್ನೊಂದು ಷೆಡ್ಯೂಲ್ ಇದೆ: 5,000 ಡಾಲರಿಗಿಂತ ಹೆಚ್ಚು ಕೊಟ್ಟ ಪ್ರತಿಯೊಬ್ಬ ಗಿರಾಕಿಯ ಹೆಸರನ್ನೂ ಬರೆಯಬೇಕು. ಹೆಚ್ಚಿನವರು ಈ ಪುಟವನ್ನು ತಿರುವಿಯೂ ನೋಡುವುದಿಲ್ಲ. ನನ್ನ ಮಟ್ಟಿಗೆ ಇಡೀ ಫಾರ್ಮಿನಲ್ಲಿ ಅತ್ಯಂತ ಮಾತಾಡುವ ಪುಟ ಇದೇ.

2022ರಲ್ಲಿ ಹೌಸ್‌ಗೆ ಗೆದ್ದ ರಿಪಬ್ಲಿಕನ್ ಜಾರ್ಜ್ ಸ್ಯಾಂಟೋಸ್ ಪ್ರಕರಣವನ್ನೇ ತೆಗೆದುಕೊಳ್ಳಿ. 2020ರಲ್ಲಿ ನ್ಯೂಯಾರ್ಕಿನ 3ನೇ ಕ್ಷೇತ್ರದಿಂದ ನಿಂತು ಸೋತಾಗ ಆತ ತೋರಿಸಿದ್ದು 55,000 ಡಾಲರ್ ಸಂಬಳ. ಅದೇ ಮನುಷ್ಯ 2022ರ ಸೆಪ್ಟೆಂಬರಿನಲ್ಲಿ, ಗಡುವು ಮುಗಿದ ಎಷ್ಟೋ ತಿಂಗಳ ಮೇಲೆ, ಕೊಟ್ಟ ಫಾರ್ಮಿನಲ್ಲಿ ತನ್ನದೇ 'ಡೆವೊಲ್ಡರ್ ಆರ್ಗನೈಸೇಷನ್' ಎಂಬ ಸಂಸ್ಥೆಯಿಂದ 7,50,000 ಡಾಲರ್ ಸಂಬಳ, ಮೇಲೆ 10ರಿಂದ 50 ಲಕ್ಷ ಡಾಲರ್ ಡಿವಿಡೆಂಡ್. ಅಷ್ಟು ಹಣ ಕೊಟ್ಟ ಗಿರಾಕಿಗಳು ಯಾರು? ಒಂದು ಹೆಸರೂ ಇರಲಿಲ್ಲ. ಎರಡು ವರ್ಷದ ಎರಡು ಪಿಡಿಎಫ್ ಅಕ್ಕಪಕ್ಕ ಇಟ್ಟರೆ ಸಾಕಿತ್ತು. ಲಾಂಗ್ ಐಲೆಂಡಿನ ಸಣ್ಣ ಪತ್ರಿಕೆ 'ನಾರ್ತ್ ಶೋರ್ ಲೀಡರ್' ಚುನಾವಣೆಗೆ ಮುನ್ನವೇ ಈ ಸಂಪತ್ತಿನ ಬಗ್ಗೆ ಪ್ರಶ್ನೆ ಎತ್ತಿತ್ತು, ದೊಡ್ಡವರು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎದುರಾಳಿ ಪಕ್ಷವಾದ ಡೆಮಾಕ್ರಾಟರು ಆತನ ಹುಳುಕು ಹುಡುಕಲು ತಯಾರಿಸಿದ 87 ಪುಟದ ಕಡತಕ್ಕೂ ದೊಡ್ಡ ಸುಳ್ಳುಗಳು ಸಿಕ್ಕಿರಲಿಲ್ಲ. ಬರೂಕ್ ಕಾಲೇಜಿನ ಡಿಗ್ರಿ, ಗೋಲ್ಡ್‌ಮನ್ ಸ್ಯಾಕ್ಸ್ ಮತ್ತು ಸಿಟಿಗ್ರೂಪ್ ನೌಕರಿ ಎಲ್ಲವೂ ಸುಳ್ಳು ಎಂದು ಜಗಜ್ಜಾಹೀರಾದದ್ದು ಗೆದ್ದ ಮೇಲೆ, 2022ರ ಡಿಸೆಂಬರಿನಲ್ಲಿ. 2023ರ ಡಿಸೆಂಬರ್ 1ರಂದು ಸಭೆ 311-114 ಮತಗಳಿಂದ ಆತನನ್ನು ಹೊರಹಾಕಿತು. ಕೋರ್ಟಿನಲ್ಲಿ ಆತ ಒಪ್ಪಿಕೊಂಡದ್ದು ವೈರ್ ಫ್ರಾಡ್ (ಫೋನ್, ಇಂಟರ್ನೆಟ್‌ನಂಥ ಸಂಪರ್ಕದ ಮೂಲಕ ಮಾಡುವ ವಂಚನೆ) ಮತ್ತು ಗುರುತಿನ ಕಳ್ಳತನದ ಆರೋಪಗಳನ್ನು. ಬರೂಕ್ ಡಿಗ್ರಿಯ ಸುಳ್ಳಿಗೆ ಪ್ರತ್ಯೇಕ ಆರೋಪವೇ ಇರಲಿಲ್ಲ. 87 ತಿಂಗಳ ಶಿಕ್ಷೆಯಾಯಿತು. 2025ರ ಅಕ್ಟೋಬರಿನಲ್ಲಿ ಟ್ರಂಪ್ ಅದನ್ನು ಮೊಟಕುಗೊಳಿಸಿದರು.

ಎರಡನೆಯ ಆಕರ ಚುನಾವಣಾ ಹಣದ ಲೆಕ್ಕ ಇಡುವ ಫೆಡರಲ್ ಎಲೆಕ್ಷನ್ ಕಮಿಷನ್. ಅಭ್ಯರ್ಥಿಗೆ ಬಂದ ದೇಣಿಗೆ ನೋಡಲು ಎಲ್ಲರೂ ಇಲ್ಲಿಗೆ ಹೋಗುತ್ತಾರೆ. ಉಪಯೋಗದ ಉಪಾಯ ಇದರ ಉಲ್ಟಾ: ಅಭ್ಯರ್ಥಿಯ ಹೆಸರನ್ನು ದಾನಿಗಳ ಪಟ್ಟಿಯಲ್ಲಿ ಹುಡುಕಿ. ಒಟ್ಟು 200 ಡಾಲರ್ ದಾಟಿದ ದಾನಿಯ ಊರು, ಉದ್ಯೋಗ, ನೌಕರಿ ಕೊಟ್ಟವರ ಹೆಸರು ದಾಖಲಾಗುತ್ತದೆ. ಹತ್ತು ಹದಿನೈದು ವರ್ಷದ ಹಿಂದೆ, ಸ್ಪರ್ಧಿಸುವ ಯೋಚನೆಯೇ ಇಲ್ಲದಾಗ, ಆತ ತಾನು ಏನೆಂದು ಬರೆಸಿಕೊಂಡಿದ್ದ ಎಂಬುದು ಅಲ್ಲಿರುತ್ತದೆ. ಈಗಿನ 'ಸ್ಮಾಲ್ ಬಿಸಿನೆಸ್ ಓನರ್' ಆಗ 'ಲಾಬಿಯಿಸ್ಟ್', ಅಂದರೆ ಕಂಪನಿಗಳ ಪರವಾಗಿ ಸರ್ಕಾರದ ಮೇಲೆ ಪ್ರಭಾವ ಬೀರುವವ, ಆಗಿರಬಹುದು. ಹುಡುಕುವಾಗ ವಿಲಿಯಂ ಸಿಗದಿದ್ದರೆ ಬಿಲ್ ಹಾಕಿ, ರಾಬರ್ಟ್ ಸಿಗದಿದ್ದರೆ ಬಾಬ್, ಹೆಂಗಸರಾದರೆ ಮದುವೆಗೆ ಮುಂಚಿನ ಹೆಸರು. ಸ್ಯಾಂಟೋಸ್ ಕೂಡ ಆಂಥೋನಿ ಡೆವೊಲ್ಡರ್ ಎಂದು ಓಡಾಡಿದ್ದುಂಟು. ಒಂದೇ ಹೆಸರಿನ ಇಬ್ಬರನ್ನು ಕಲಸಿಬಿಡುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು. ಪಿನ್ ಕೋಡಿನಂಥ ಜಿಪ್ ಮತ್ತು ಉದ್ಯೋಗ ಎರಡೂ ತಾಳೆಯಾದರೆ ಮಾತ್ರ ನಂಬಿ.

ಉಳಿದದ್ದು ಹೇಳಿಕೊಂಡ ವೃತ್ತಿಯ ಮೇಲೆ ನಿಂತಿದೆ. ವಕೀಲ ಎಂದರೆ ಆ ರಾಜ್ಯದ ಬಾರ್ ಡೈರೆಕ್ಟರಿಯಲ್ಲಿ ಸನ್ನದು ಸಿಕ್ಕ ದಿನಾಂಕ, ಎಷ್ಟೋ ಕಡೆ ಶಿಸ್ತುಕ್ರಮವೂ ಇರುತ್ತದೆ. 'ಮಾಜಿ ಪ್ರಾಸಿಕ್ಯೂಟರ್' ಎನ್ನುವ ಬಿರುದು ಕಂಡಾಗ ಎಷ್ಟು ವರ್ಷ ಎಂದು ಕೇಳಿ. ಷೇರು ದಲ್ಲಾಳಿಯಾದರೆ ದಲ್ಲಾಳಿಗಳ ನಿಯಂತ್ರಣ ಸಂಸ್ಥೆ ಫಿನ್ರಾದ ಬ್ರೋಕರ್‌ಚೆಕ್ ತಾಣ, ವೈದ್ಯರಾದರೆ ರಾಜ್ಯದ ಮೆಡಿಕಲ್ ಬೋರ್ಡ್. ಉದ್ಯಮಿ ಎಂದರೆ ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ನೋಂದಣಿಯಲ್ಲಿ ಕಂಪನಿ ಹುಟ್ಟಿದ ದಿನ, ಈಗ ಜೀವಂತ ಇದೆಯೋ ರದ್ದಾಗಿದೆಯೋ ನೋಡಿ. 'ನೂರಾರು ಜನರಿಗೆ ಕೆಲಸ ಕೊಟ್ಟೆ' ಎನ್ನುವವರಿಗೆ ಇನ್ನೊಂದು ಅಳತೆಗೋಲಿದೆ: ನೌಕರರ ಸಂಬಳ ನಿಲ್ಲದಿರಲಿ ಎಂದು ಕೋವಿಡ್ ಕಾಲದಲ್ಲಿ ಉದ್ಯಮಗಳಿಗೆ ಸಿಕ್ಕ ಪಿಪಿಪಿ ಸಾಲದ ದತ್ತಾಂಶ. ಸಾಲ ತೆಗೆದುಕೊಂಡಿದ್ದರೆ, ಅರ್ಜಿಯಲ್ಲಿ ಎಷ್ಟು ನೌಕರರೆಂದು ಬರೆದಿದ್ದರೋ ಅದು ಅಲ್ಲಿ ಬಹಿರಂಗವಾಗಿದೆ.

ಸೇನೆಯ ವಿಷಯದಲ್ಲಿ ಪೂರ್ತಿ ಸುಳ್ಳಿಗಿಂತ ಉಬ್ಬಿಸಿದ ಮಾತೇ ಹೆಚ್ಚು. ಕನೆಕ್ಟಿಕಟ್‌ನ ರಿಚರ್ಡ್ ಬ್ಲೂಮೆಂಥಾಲ್ ಮರೀನ್ ರಿಸರ್ವ್‌ನಲ್ಲಿದ್ದದ್ದು ನಿಜ, ವಿಯೆಟ್ನಾಮಿಗೆ ಹೋಗಿರಲಿಲ್ಲ. ಹೋಗಿದ್ದೆ ಎಂಬರ್ಥ ಬರುವಂತೆ ಮಾತಾಡಿದ್ದು 2010ರಲ್ಲಿ ಬಯಲಾಯಿತು, ಆದರೂ ಸೆನೆಟ್‌ಗೆ ಗೆದ್ದರು. 2024ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಟಿಮ್ ವಾಲ್ಜ್ 24 ವರ್ಷ ಮೀಸಲು ಪಡೆಯಾದ ನ್ಯಾಷನಲ್ ಗಾರ್ಡ್‌ನಲ್ಲಿದ್ದರು, ಕಮಾಂಡ್ ಸಾರ್ಜೆಂಟ್ ಮೇಜರ್ ಹುದ್ದೆಯನ್ನೂ ನಿರ್ವಹಿಸಿದರು, ಆದರೆ ನಿವೃತ್ತಿಯ ದರ್ಜೆ ಅದಕ್ಕಿಂತ ಕೆಳಗಿನ ಮಾಸ್ಟರ್ ಸಾರ್ಜೆಂಟ್. 'ಯಾವ ದರ್ಜೆ' ಮತ್ತು 'ಯಾವ ದರ್ಜೆಯಲ್ಲಿ ನಿವೃತ್ತಿ' ಎರಡೂ ಬೇರೆ ಪ್ರಶ್ನೆಗಳು. ಸೇಂಟ್ ಲೂಯಿಸ್‌ನ ನ್ಯಾಷನಲ್ ಪರ್ಸನೆಲ್ ರೆಕಾರ್ಡ್ಸ್ ಸೆಂಟರ್ ಯಾರು ಕೇಳಿದರೂ ಸೇವಾ ಅವಧಿ, ದರ್ಜೆ, ಪದಕ, ನಿಯೋಜನೆಗಳ ಮೂಲ ವಿವರ ಕೊಡುತ್ತದೆ. ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಡಿಡಿ-214 ಪತ್ರ ಪೂರ್ತಿ ಬೇಕಾದರೆ ಅಭ್ಯರ್ಥಿಯೇ ಒಪ್ಪಬೇಕು. 1973ರ ಬೆಂಕಿಯಲ್ಲಿ ಅಲ್ಲಿನ ಕೋಟಿಗೂ ಮಿಕ್ಕಿದ ಹಳೆಯ ಕಡತಗಳು ಸುಟ್ಟುಹೋಗಿವೆ, ಆದ್ದರಿಂದ ತೀರಾ ಹಿರಿಯರ ದಾಖಲೆ ಸಿಗಲಿಲ್ಲವೆಂದ ಮಾತ್ರಕ್ಕೆ ಸುಳ್ಳೆಂದು ತೀರ್ಮಾನಿಸಬೇಡಿ.

ಕೋರ್ಟು ದಾಖಲೆ ಕೊನೆಗೆ, ಏಕೆಂದರೆ ಇಲ್ಲಿ ಸಮಯ ತಿನ್ನುತ್ತದೆ. ಫೆಡರಲ್ ಕೋರ್ಟುಗಳದ್ದು ಪೇಸರ್ ತಾಣದಲ್ಲಿದೆ: ಪುಟಕ್ಕೆ 10 ಸೆಂಟ್, ಸಾಮಾನ್ಯವಾಗಿ ಒಂದು ದಸ್ತಾವೇಜಿಗೆ ಹೆಚ್ಚೆಂದರೆ 3 ಡಾಲರ್, ಮೂರು ತಿಂಗಳಲ್ಲಿ 30 ಡಾಲರ್ ಮೀರದಿದ್ದರೆ ಬಿಲ್ಲೇ ಇಲ್ಲ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನಿಂದ ಕಾಂಗ್ರೆಸ್‌ಗೆ ಆಯ್ಕೆಯಾದವರು. ಬಡತನದಿಂದ ಆಕ್ರನ್ ವಿಶ್ವವಿದ್ಯಾಲಯದ ಪಿಎಚ್‌ಡಿವರೆಗೆ, ಅಲ್ಲಿಂದ ಪ್ರಯೋಗಾಲಯಗಳ ಮಾಲೀಕತ್ವದವರೆಗಿನ ಕಥೆಯನ್ನು ಅವರ ಪ್ರಚಾರ ಹೇಳುತ್ತದೆ. ಅವರ ಅಜೋಫಾರ್ಮಾ ಕಂಪನಿ 2010ರಲ್ಲಿ ಸಾಲದಲ್ಲಿ ಮುಳುಗಿದ್ದು, ಮುಂದೆ ಕಟ್ಟಿದ ಅವೊಮೀನ್ ಲ್ಯಾಬಿನ ಬಹುಪಾಲನ್ನು 2016ರಲ್ಲಿ ಮಾರಿದ ಮೇಲೆ ಕೊಂಡವರು ಮಿಷಿಗನ್‌ನ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದ್ದು, ಇವೂ ಅದೇ ಜೀವನದ ಪುಟಗಳೇ. ಆದರೆ ದಾವೆಯ ಮೊದಲ ಅರ್ಜಿಯಲ್ಲಿರುವುದು ಒಂದು ಕಡೆಯವರ ಆರೋಪ ಅಷ್ಟೇ. ಅದೊಂದನ್ನೇ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪಿನಲ್ಲಿ ಹಂಚುವವರೇ ಜಾಸ್ತಿ. ಪೇಸರ್‌ನಲ್ಲಿ 'ಡಾಕೆಟ್' ಎಂಬ ಪಟ್ಟಿಯನ್ನು ತೆರೆದು, ಕಟ್ಟಕಡೆಯ ನಮೂದಿನಿಂದ ಹಿಂದಕ್ಕೆ ಓದುತ್ತ ಬನ್ನಿ. ಕೇಸು ವಜಾ ಆಯಿತೋ, ರಾಜಿಯಾಯಿತೋ, ತೀರ್ಪು ಬಂತೋ ಎಂಬುದು ಅಲ್ಲೇ ಸಿಗುತ್ತದೆ.