ಕೋಪ ನನ್ನದಲ್ಲ
ಬಟ್ಟೆ ಒಣಹಾಕಲು ತಾರಸಿಗೆ ಹೋಗಿದ್ದು ಹತ್ತೇ ನಿಮಿಷ.
ಇಳಿದು ಬರುವಷ್ಟರಲ್ಲಿ ಎರಡೂ ಕೆನ್ನೆ ಕೆಂಪು, ಉರಿ ಬೇರೆ.
"ಯಾರ ಮೇಲೆ ಇಷ್ಟು ಕೋಪ?" ಎಂದರು ಪಕ್ಕದ ಮನೆಯವರು.

ಕೋಪ ನನ್ನದಲ್ಲ, ಚರ್ಮದ್ದು. ರೊಸೇಶಿಯಾ ಎಂಬ ಮುಖ ಕೆಂಪಾಗಿಸುವ ಕಾಯಿಲೆ.

ರೋಗಾಣುಗಳನ್ನು ಕೊಲ್ಲಲೆಂದು ಚರ್ಮವೇ ತಯಾರಿಸುವ ಕ್ಯಾಥೆಲಿಸಿಡಿನ್ ಎಂಬ ಪ್ರೋಟೀನು ಈ ಕಾಯಿಲೆಯಲ್ಲಿ ಅತಿಯಾಗಿರುತ್ತದೆ. ಅದನ್ನು ತುಂಡರಿಸುವ ಕಿಣ್ವವೂ ಹೆಚ್ಚು. ಆ ತುಂಡುಗಳೇ ರಕ್ತನಾಳಗಳನ್ನು ಕೆರಳಿಸಿ ಉರಿಯೂತ ಎಬ್ಬಿಸುತ್ತವೆ. 2007ರಲ್ಲಿ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು.

ಕಳ್ಳ ಬಂದೇ ಇಲ್ಲ. ಬಿಸಿಲು ಸುಮ್ಮನೆ ಬಾಗಿಲು ತಟ್ಟಿತು. ಅಷ್ಟಕ್ಕೇ ಕಾವಲುಗಾರ ದೊಣ್ಣೆ ಬೀಸಿದ್ದಾನೆ, ಅದೂ ಮನೆಯೊಳಗೇ!

ನಾಳೆಯಿಂದ ಬಿಸಿಲೇರುವ ಮೊದಲೇ ಬಟ್ಟೆ ಹರವುತ್ತೇನೆ.
ಅಷ್ಟು ಬೇಗ ಎದ್ದರೆ.