‘ಇತರರು’ ಅಂತ ನಾನು ಬರೆದ ಸಾಲು

ಚಿತ್ರದುರ್ಗದಲ್ಲಿ ತುರ್ತು ವೈದ್ಯಕೀಯ ಸೇವೆ ಮಾಡುವ ಒಂದು ಸಣ್ಣ ಟ್ರಸ್ಟ್‌ನಲ್ಲಿ ನಾನು ಸಂಯೋಜಕ. ಎರಡು ಆಂಬುಲೆನ್ಸ್, ಸಂಬಳಕ್ಕೆ ಐದು ಜನ. ಮಿಕ್ಕವರೆಲ್ಲ ಸ್ವಯಂಸೇವಕರು. ಐಮಂಗಲದಿಂದ ಭರಮಸಾಗರದವರೆಗೆ ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದಲ್ಲೇ ಬದುಕು ಕಟ್ಟಿಕೊಂಡವರು: ಪಂಕ್ಚರ್ ಅಂಗಡಿಯವರು, ಡಾಬಾದವರು, ಹಾಲಿನ ಡೈರಿಯ ಹುಡುಗರು, ಒಬ್ಬರು ರಿಟೈರಾದ ಮೇಷ್ಟ್ರು.

‘108 ಇದೆಯಲ್ಲ, ನೀವ್ಯಾಕೆ?’ ಅಂತ ಕೇಳುವವರಿದ್ದಾರೆ. 2008ರ ನವೆಂಬರ್‌ನಿಂದ 108 ನಮ್ಮ ರಾಜ್ಯದಲ್ಲಿ ಓಡುತ್ತಿದೆ, ಅದಿಲ್ಲದೆ ನಮ್ಮಂಥವರ ಕೈಲಿ ಏನೂ ಆಗುತ್ತಿರಲಿಲ್ಲ. ಆದರೆ ಯಾವ ಗಾಡಿಯಾದರೂ ರಸ್ತೆ ಮೇಲೇ ಬರಬೇಕಲ್ಲ. ಅಷ್ಟರೊಳಗೆ ರಕ್ತ ಸುರಿಯುವ ಕಡೆ ಬಟ್ಟೆ ಒತ್ತಿ ಹಿಡಿಯಬೇಕು, ಕತ್ತು ಅಲ್ಲಾಡದ ಹಾಗೆ ತಲೆ ಹಿಡಿದು ಕೂರಬೇಕು, ಗುಂಪು ಸೇರಿದವರು ಗಾಯಾಳುವಿನ ಬಾಯಿಗೆ ನೀರು ಹಾಕದಂತೆ ತಡೆಯಬೇಕು. ಉಸಿರು, ನಾಡಿ ನಿಂತಿದ್ದರೆ ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತುತ್ತಲೇ ಇರಬೇಕು. ಇದನ್ನು ಮಾಡುವವರು ಅಲ್ಲೇ ಹತ್ತಿರ ಇದ್ದವರು.

ಕೆಲವು ವರ್ಷದ ಹಿಂದೆ ನಮ್ಮ ವಾರ್ಷಿಕ ಸಮಾರಂಭವಾಯಿತು. ದಾನಿಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ವರದಿ ಬರೆದವನು ನಾನೇ: ‘ನಮ್ಮ ಚಾಲಕರು, ನರ್ಸ್‌ಗಳು ಹಾಗೂ ಇತರರು ಶ್ರಮಿಸಿದ್ದಾರೆ.’ ಆ ‘ಇತರರು’ ಅವತ್ತು ಊಟದ ಹಾಲ್‌ನಲ್ಲಿ ನೀರು ಬಡಿಸುತ್ತಿದ್ದರು.

ಅದಾದ ಮೇಲೆ ಪಂಕ್ಚರ್ ಅಂಗಡಿಯ ಅಣ್ಣ ಫೋನ್ ಎತ್ತುವುದನ್ನೇ ಬಿಟ್ಟರು. ಶಾಲು ಹೊದಿಸದ್ದಕ್ಕೆ ಮುನಿಸಿರಬೇಕು ಅಂದುಕೊಂಡೆ. ಸಮಾರಂಭಕ್ಕೆ ತಿಂಗಳ ಮುಂಚೆ, ಬೈಕಿನಿಂದ ಬಿದ್ದ ಹುಡುಗನೊಬ್ಬನನ್ನು ದಾವಣಗೆರೆಗೆ ರೆಫರ್ ಮಾಡಿದ್ದರು. ಮನೆಯವರು ಇನ್ನೂ ಬಂದಿರಲಿಲ್ಲ. ಸುಮಾರು ಅರವತ್ತು ಕಿಲೋಮೀಟರ್ ಈ ಅಣ್ಣ ಅವನ ಕೈ ಹಿಡಿದು ಕೂತಿದ್ದರು. ರಾತ್ರಿ ಮೂರು ಗಂಟೆಗೆ ವಾಪಸ್ ಬಂದು, ಯಾರೂ ಹೇಳದೆಯೇ ಬ್ಲೀಚಿಂಗ್ ನೀರಲ್ಲಿ ಸ್ಟ್ರೆಚರ್ ತೊಳೆದು, ಲಾರಿ ಹತ್ತಿ ಊರಿಗೆ ಹೋದರು. ನಮ್ಮ ರಿಜಿಸ್ಟರ್‌ನಲ್ಲಿ ಚಾಲಕನ ಹೆಸರಿತ್ತು, ಗಾಡಿ ಎಷ್ಟು ಕಿಲೋಮೀಟರ್ ಓಡಿತು ಅನ್ನುವುದೂ ಇತ್ತು. ಅವರ ಹೆಸರಿಗೆ ಕಾಲಂ ಇರಲಿಲ್ಲ.

ಅಂಗಡಿಗೆ ಹೋದೆ. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದರು. ತಲೆ ಎತ್ತದೆ ಹೇಳಿದರು: ‘ಶಾಲು ಗೀಲು ಯಾಕ್ ಬೇಕು ಸಾರ್. ಆ ಹುಡುಗ ಉಳಕಂಡ್ನೋ ಇಲ್ಲೋ, ಒಬ್ರೂ ಹೇಳ್ಲಿಲ್ಲ ನಂಗೆ.’

ಹುಡುಗ ಉಳಿದಿದ್ದ. ಅವನಪ್ಪ ಆಫೀಸಿಗೆ ಫೋನ್ ಮಾಡಿ ಅತ್ತಿದ್ದರು. ನಾನು ಅದನ್ನು ಫೈಲ್‌ಗೆ ಬರೆದು ಮುಚ್ಚಿಟ್ಟಿದ್ದೆ. ಆ ಕೃತಜ್ಞತೆ ಯಾರಿಗೆ ಸೇರಬೇಕಿತ್ತೋ ಅವರಿಗೆ ತಲುಪಿಸದೆ ನನ್ನ ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಅಲ್ಲೇ ನಿಂತು ಹೇಳಿದೆ. ಅವರು ಟ್ಯೂಬ್ ಕೆಳಗಿಟ್ಟು, ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು, ‘ನಡೀತಾನಾ?’ ಅಂದರು.

ಆಮೇಲೆ ರಿಜಿಸ್ಟರ್‌ಗೆ ಎರಡು ಕಾಲಂ ಸೇರಿಸಿದೆವು: ಸ್ಥಳದಲ್ಲಿ ಯಾರು ಇದ್ದರು, ಅವರಿಗೆ ಯಾವತ್ತು ತಿಳಿಸಿದೆವು. ಮೂರು ದಿನದೊಳಗೆ ಫೋನ್. ಮನೆಯವರು ಒಪ್ಪಿದರೆ ಮಾತ್ರ, ಅದೂ ಹುಷಾರಾಗಿದ್ದಾರೋ ಇಲ್ಲವೋ ಅನ್ನುವಷ್ಟೇ. ಕಾಯಿಲೆಯ ವಿವರ ಇಲ್ಲ. ತೀರಿಕೊಂಡಿದ್ದರೆ ಫೋನ್‌ನಲ್ಲಿ ಹೇಳುವುದಿಲ್ಲ, ನಾನೇ ಹೋಗಿ ಜೊತೆಗೆ ಕೂತು ಬರುತ್ತೇನೆ. ಕಷ್ಟದ ಕೆಲಸ ಅದು. ಗ್ಲೌಸ್, ವಾಪಸ್ ಬರುವ ಬಸ್ ಚಾರ್ಜು ಇನ್ನು ಮೇಲೆ ಅವರ ಜೇಬಿನಿಂದ ಹೋಗಬಾರದು ಅಂತಲೂ ಆಯಿತು.

ಹೆಸರು ಬರೆಯುವ ಮುಂಚೆ ಒಪ್ಪಿಗೆ ಕೇಳುತ್ತೇವೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 134ಎ ಕಲಂ ನೆರವಿಗೆ ಬಂದವರಿಗೆ ರಕ್ಷಣೆ ಕೊಟ್ಟಿದೆ, ಹೆಸರು ಹೇಳಿ ಅಂತ ಪೊಲೀಸರೂ ಒತ್ತಾಯ ಮಾಡುವಂತಿಲ್ಲ. ಆದರೂ ಡೈರಿಯ ಒಬ್ಬ ಹುಡುಗ ‘ಬೇಡ ಸಾರ್, ಅವ್ವ ಹೆದರ್ತಾಳೆ’ ಅಂದ. ವರದಿಯಲ್ಲಿ ಅವನ ಹೆಸರಿಲ್ಲ. ಫೋನ್ ಮಾತ್ರ ಅವನಿಗೂ ಹೋಗುತ್ತದೆ.

ಪಂಕ್ಚರ್ ಅಂಗಡಿಯ ಅಣ್ಣ ಮತ್ತೆ ಬರುತ್ತಿದ್ದಾರೆ. ಮೂರನೇ ದಿನ ಸಂಜೆಯಾದರೂ ನನ್ನ ಫೋನ್ ಹೋಗದಿದ್ದರೆ ಅವರದೇ ಬರುತ್ತದೆ: ‘ಸಾರ್, ಏನಾತು?’